ಲಾಲ್‌ಬಾಗಿನಲ್ಲಿ ನಡೆಯುತ್ತಾ ಇಇಜಿ ತೆಗೆಯುವುದು ಹೇಗೆ

ಇಇಜಿ ಅಂದರೆ ಎಲೆಕ್ಟ್ರೋಡ್‌ಗಳಿರುವ ಕ್ಯಾಪನ್ನು ತಲೆಗೆ ಹಾಕಿ ಮೆದುಳಿನ ವಿದ್ಯುತ್ ಸಿಗ್ನಲ್ ದಾಖಲಿಸುವುದು. ತಲೆಗೆ ಎಣ್ಣೆ ಹಚ್ಚಿಕೊಂಡು ಬರಬೇಡಿ ಅಂತ ಕ್ಯಾಪ್ ಹಾಕಿಸಿಕೊಳ್ಳುವವರಿಗೆ ಹಿಂದಿನ ದಿನವೇ ಹೇಳಿಬಿಡಿ. ಕೊಬ್ಬರಿ ಎಣ್ಣೆ ಇದ್ದರೆ ಎಲೆಕ್ಟ್ರೋಡ್ ಚರ್ಮಕ್ಕೆ ಸರಿಯಾಗಿ ತಾಗುವುದಿಲ್ಲ, ಆಮೇಲೆ ಎಷ್ಟು ಜೆಲ್ ಹಾಕಿದರೂ ಸುಮ್ನೆ.

1924ರಲ್ಲೇ ಜರ್ಮನಿಯ ಮನೋವೈದ್ಯ ಹ್ಯಾನ್ಸ್ ಬರ್ಗರ್ ಮನುಷ್ಯರ ಇಇಜಿ ದಾಖಲಿಸಿದ್ದರು. ಆದರೆ ಬಹಳ ಕಾಲ ಜನರನ್ನು ಕುರ್ಚಿಯಲ್ಲಿ ಅಲುಗಾಡದಂತೆ ಕೂರಿಸಿಯೇ ನೋಡಿದರು. ಈಗ ಸಿಗ್ನಲ್ ದೊಡ್ಡದು ಮಾಡುವ ಆಂಪ್ಲಿಫೈಯರ್ ತಲೆಯ ಹಿಂದೆಯೇ ಕೂರುತ್ತದೆ, ಹಾಗಾಗಿ ಹೊರಗೆ ಹೋಗಬಹುದು. ಬೆಳಿಗ್ಗೆ ಬೇಗ ಹೋಗಿ. ಬೆವರು ಬಂದರೆ ಸಿಗ್ನಲ್ ನಿಧಾನವಾಗಿ ತೇಲಾಡಲು ಶುರುವಾಗುತ್ತದೆ. ಬಂಡೆ ಹತ್ತಿಸಬೇಡಿ, ಸಮತಟ್ಟಾದ ದಾರಿ ಸಾಕು.

ನಡೆಯುವ ಮೊದಲು ಬೆಂಚಿನ ಮೇಲೆ ಕೂರಿಸಿ ಎರಡು ನಿಮಿಷ ಕಣ್ಣು ಮುಚ್ಚಿಸಿ. ತಲೆಯ ಹಿಂಭಾಗದ ಎಲೆಕ್ಟ್ರೋಡ್‌ಗಳಲ್ಲಿ 8ರಿಂದ 12 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ ಅಷ್ಟು ಸಲ ಏರಿಳಿಯುವ, ಆಲ್ಫಾ ಅಲೆ ಎದ್ದು ಕಾಣಬೇಕು. ಕೆಲವರಲ್ಲಿ ಸಣ್ಣದಾಗಿರುತ್ತದೆ, ಆದರೂ ಏನೂ ಕಾಣದಿದ್ದರೆ ಮೊದಲು ಕ್ಯಾಪ್ ಬಿಚ್ಚಿ ನೋಡಿ. ಆಮೇಲೆ ಹಲ್ಲು ಕಚ್ಚಿಸಿ, ಕಣ್ಣು ಮಿಟುಕಿಸಿ, ಕತ್ತು ತಿರುಗಿಸಿ, ಎಲ್ಲ ರೆಕಾರ್ಡ್ ಮಾಡಿ. ಮೆದುಳಿನ ಸಿಗ್ನಲ್ ಬರೀ ಹತ್ತಾರು ಮೈಕ್ರೋವೋಲ್ಟ್, ಸ್ನಾಯುವಿನದು ಅದನ್ನು ನುಂಗಿಬಿಡುತ್ತದೆ. ನನ್ನ ಮೊದಲ ರೆಕಾರ್ಡಿಂಗ್‌ನಲ್ಲಿ 20 ಹರ್ಟ್ಸ್ ಮೇಲೆ ಭರ್ಜರಿ ಚಟುವಟಿಕೆ ಕಂಡು ಕುಣಿದಾಡಿದ್ದೆ. ನೋಡಿದರೆ ಗೆಳೆಯ ದಾರಿಯುದ್ದಕ್ಕೂ ಕಡಲೆಕಾಯಿ ತಿಂತಾ ಇದ್ದ!

ಕಾಲಿಗೆ ಒಂದು ಮೋಷನ್ ಸೆನ್ಸರ್ ಕಟ್ಟಿ, ತಲೆಗೂ ಒಂದು. ಜನ ಸೆಕೆಂಡಿಗೆ ಹೆಚ್ಚುಕಡಿಮೆ ಎರಡು ಹೆಜ್ಜೆ ಇಡುತ್ತಾರೆ, ಆದ್ದರಿಂದ 2 ಹರ್ಟ್ಸ್ ಮತ್ತು ಅದರ ಗುಣಕಗಳಾದ 4, 6 ಹರ್ಟ್ಸ್‌ನಲ್ಲಿ ಕಾಣುವ ಶಿಖರಗಳನ್ನು ಮೆದುಳಿನದು ಅಂತ ನಂಬಬೇಡಿ. ಶುರುವಿನಲ್ಲಿ ಮೂರು ಸಲ ಜಿಗಿಯಲು ಹೇಳಿ. ಇಇಜಿ ಮತ್ತು ಸೆನ್ಸರ್, ಎರಡರ ಫೈಲಿನಲ್ಲೂ ಆ ಮೂರು ಏಟು ಕಾಣುತ್ತವೆ, ಸಮಯ ಹೊಂದಿಸಲು ಅದಕ್ಕಿಂತ ಸುಲಭದ ದಾರಿ ಇಲ್ಲ.

ಸುಮ್ನೆ ನಡೆಸಿದರೆ ಹೋಲಿಸಲು ಏನೂ ಸಿಗುವುದಿಲ್ಲ ಅಲ್ವಾ? ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಹಾಕಿ, ಪದೇ ಪದೇ ಬರುವ ಒಂದು ಶಬ್ದದ ನಡುವೆ ಅಪರೂಪಕ್ಕೆ ಬೇರೆ ಶಬ್ದ ಕೇಳಿಸಿ, ಅದನ್ನು ಮನಸ್ಸಿನಲ್ಲೇ ಎಣಿಸಲು ಹೇಳಿ. ಆ ಶಬ್ದ ಬಂದ ಸುಮಾರು 300 ಮಿಲಿಸೆಕೆಂಡಿನ ನಂತರ ಪಿ300 ಅನ್ನುವ ಅಲೆ ಬರುತ್ತದೆ. ಒಂದೆರಡು ಸಲಕ್ಕೆ ಕಾಣುವುದಿಲ್ಲ, ಹತ್ತಾರು ಸಲದ ಸರಾಸರಿ ಬೇಕು. ಕೂತಾಗಿನದನ್ನೂ ನಡೆಯುವಾಗಿನದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅಲೆ ಕುಗ್ಗಿದ್ದರೆ, ನಡಿಗೆಯೂ ಗಮನದ ಪಾಲು ಕೇಳುತ್ತಿರಬಹುದು.

ರೆಕಾರ್ಡಿಂಗ್ ಶುಚಿಗೊಳಿಸಲು ಎಂಎನ್ಇ-ಪೈಥಾನ್ ಅನ್ನುವ ಸಾಫ್ಟ್‌ವೇರ್ ಉಚಿತ. ಬೆರೆತ ಸಿಗ್ನಲ್‌ಗಳನ್ನು ಬಿಡಿಸುವ ಐಸಿಎ ಅನ್ನುವ ಲೆಕ್ಕಾಚಾರ ಕಣ್ಣು, ಸ್ನಾಯುಗಳ ಗಲಾಟೆಯನ್ನು ಬೇರೆ ಮಾಡಿಕೊಡುತ್ತದೆ, ಆದರೆ ಯಾವುದನ್ನು ಎಸೆಯಬೇಕು ಅನ್ನುವುದನ್ನು ಕಣ್ಣಾರೆ ನೋಡಿಯೇ ತೀರ್ಮಾನಿಸಿ. ಮೂಲ ಫೈಲ್ ಮಾತ್ರ ಮುಟ್ಟಬೇಡಿ.

ಒಪ್ಪಿಗೆ ಬರಹದಲ್ಲೇ ತೆಗೆದುಕೊಳ್ಳಿ. ಇದರಿಂದ ರೋಗ ಪತ್ತೆ ಮಾಡುವುದಿಲ್ಲ ಅಂತಲೂ ಅದರಲ್ಲಿ ಬರೆಯಿರಿ. ಮನೆಗೆ ಬಂದ ತಕ್ಷಣ ಕ್ಯಾಪನ್ನು ಉಗುರುಬೆಚ್ಚಗಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಜೆಲ್ ಗಟ್ಟಿಯಾದರೆ ಹಳೇ ಟೂತ್‌ಬ್ರಶ್ ಹಿಡಿದು ಸಂಜೆಯೆಲ್ಲ ಕೂರಬೇಕಾಗುತ್ತದೆ.