ಬಾಲ ಆಮೇಲೆ, ಮೊದ್ಲು ಬಾಯಿ ನೋಡಿ

ಬಾಲ ಅಲ್ಲಾಡಿಸ್ತಿದೆ ಅಂದ್ರೆ ನಾಯಿ ಖುಷಿಯಾಗಿದೆ ಅಂತ ಎಲ್ರೂ ಹೇಳ್ತಾರೆ, ನಾನಂತೂ ಈಗ ಮೊದ್ಲು ಬಾಯಿ ನೋಡ್ತೀನಿ. ನಮ್ಮನೇಲಿರೋದು ಬೀದಿಯಿಂದ ತಂದ ಇಂಡಿ, ಅಂದ್ರೆ ನಮ್ಮ ನಾಡನಾಯಿ, ಅಂಜುಬುರುಕಿ. ಅವಳ ಮುಖ ಓದೋಕೆ ಕಲಿತಿದ್ದು ಫೋನಿನ ಸ್ಲೋ ಮೋಷನ್‌ನಿಂದ, ಉಗುರು ಕತ್ತರಿಸೋವಾಗ, ನೆಂಟರು ಬಂದಾಗ, ಪಕ್ಕದ್ಮನೆ ಮಕ್ಳು ತಲೆ ಸವರೋಕೆ ಕೈ ಚಾಚಿದಾಗ ಫೋನ್ ಮೂಲೇಲಿ ಇಟ್ಟು ರೆಕಾರ್ಡ್ ಮಾಡಿ ರಾತ್ರಿ ಕೂತ್ಕೊಂಡು ನೋಡ್ತಿದ್ದೆ.

ಆರಾಮಾಗಿದ್ರೆ ಬಾಯಿ ಸ್ವಲ್ಪ ತೆರೆದಿರುತ್ತೆ, ನಾಲಿಗೆ ಸಡಿಲವಾಗಿ ಜೋತಾಡ್ತಿರುತ್ತೆ. ಏನೋ ಇಷ್ಟವಾಗ್ಲಿಲ್ಲ ಅಂದ್ರೆ ಬಾಯಿ ಟಪ್ ಅಂತ ಮುಚ್ಕೊಳುತ್ತೆ, ತೇಕೋದು ನಿಲ್ಲುತ್ತೆ, ಮೂಗನ್ನ ಒಂದ್ಸಲ ನೆಕ್ಕುತ್ತೆ (ಇದು ಎಷ್ಟು ಬೇಗ ಆಗೋಗುತ್ತೆ ಅಂದ್ರೆ ಬರಿಗಣ್ಣಿಗೆ ತಪ್ಪೇ ಹೋಗುತ್ತೆ), ಕಿವಿ ಹಿಂದಕ್ಕೆ ಹೋಗುತ್ತೆ, ಆಮೇಲೆ ಮುಖ ಆ ಕಡೆ ತಿರುಗಿಸಿದ್ರೂ ಕಣ್ಣು ಮಾತ್ರ ನಮ್ಮ ಕೈ ಮೇಲೇ ಇರುತ್ತೆ, ಬಿಳಿಗುಡ್ಡೆ ಅರ್ಧಚಂದ್ರದ ಥರ ಕಾಣುತ್ತೆ. ಆ ಹೊತ್ತಿಗೆ ಮಗು ಅಲ್ಲೇ ಕೂತಿದ್ರೆ ನಾನು ನಾಯೀನ ಎಳೆಯಲ್ಲ, ಮಗೂನ ನನ್ನ ಹತ್ರ ಕರೀತೀನಿ. ಗುರ್ ಅಂದ್ರೂ ಬೈಯಲ್ಲ, ಯಾಕಂದ್ರೆ ಗುರ್ ಅನ್ನೋದು ಕಚ್ಚೋ ಮುಂಚಿನ ವಾರ್ನಿಂಗ್, ಅದನ್ನೇ ಬಾಯಿ ಮುಚ್ಚಿಸಿದ್ರೆ ಆಮೇಲೆ ಸೀದಾ ಹಲ್ಲೇ.

ಹಾಗಂತ ಬಾಯಿ ಮುಚ್ಚಿದ್ದೆಲ್ಲಾ ಭಯ ಅಲ್ಲ, ಮೂಸೋವಾಗ, ಏನಾದ್ರೂ ಸದ್ದು ಆಲಿಸೋವಾಗ್ಲೂ ಮುಚ್ಚುತ್ತೆ. ಆಕಳಿಕೆನೂ ಅಷ್ಟೇ, ನಿದ್ದೆಯಿಂದ ಎದ್ದಾಗ ಬಂದ್ರೆ ಸರಿ, ಡಾಕ್ಟ್ರ ಟೇಬಲ್ ಮೇಲೆ ಬಂದ್ರೆ ಅದು ಟೆನ್ಷನ್. ದೀಪಾವಳಿ ಪಟಾಕಿ ದಿನ ತೇಕೋದು ಸೆಕೆಗಲ್ಲ, ತುಟಿಯ ಮೂಲೆ ಬಿಗಿಯಾಗಿ ಹಿಂದಕ್ಕೆ ಎಳೆದಿರುತ್ತೆ, ಕೆನ್ನೇಲಿ ಗೆರೆ ಮೂಡಿರುತ್ತೆ.

ಇನ್ನು ಆ 'ತಪ್ಪು ಮಾಡ್ದೆ' ಅನ್ನೋ ಮುಖ! ಚಪ್ಪಲಿ ಕಚ್ಚಿದಾಗೆಲ್ಲ ನಮ್ಮಮ್ಮ ಅವಳಿಗೆ ಗೊತ್ತು ಕಣೋ ಅಂತಾರೆ. 2009ರಲ್ಲಿ ನಾಯಿಗಳ ವರ್ತನೆ ಅಧ್ಯಯನ ಮಾಡೋ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 14 ನಾಯಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ನಾಯಿ ತಿಂಡಿ ಕದ್ದಿದ್ಯೋ ಇಲ್ವೋ ಅನ್ನೋದಕ್ಕೂ ಆ ಮುಖಕ್ಕೂ ಸಂಬಂಧವೇ ಇರ್ಲಿಲ್ಲ, ಯಜಮಾನರು ಬೈದಾಗ ಆ ಮುಖ ಜಾಸ್ತಿ ಬರ್ತಿತ್ತು. ಅಮ್ಮ ಒಪ್ಪಲ್ಲ, ಬಿಡಿ.

ಎದುರುಮನೆ ಪಗ್ ವಿಷಯದಲ್ಲಿ ಮಾತ್ರ ಇದು ಅಷ್ಟಾಗಿ ನಡೆಯಲ್ಲ. ಅದರ ಮುಖದ ತುಂಬಾ ಮಡಿಕೆ, ಉಸಿರಾಟಕ್ಕೇ ಬಾಯಿ ತೆರೆದಿರುತ್ತೆ, ಅದಕ್ಕೆ ಅದರ ಹತ್ರ ಹೋದಾಗ ಮೈ ಬಿಗಿಯಾಯ್ತಾ ಅಂತ ನೋಡ್ತೀನಿ.