ಬೆಳಿಗ್ಗೆ ಚಿಚೆನ್ ಇಟ್ಸಾ, ಮಧ್ಯಾಹ್ನ ವಯ್ಯಾದೊಲಿದ್

ಮೆಕ್ಸಿಕೋದ ಕ್ಯಾನ್‌ಕೂನ್‌ಗೆ ಹೋದವರು ಸಾಮಾನ್ಯವಾಗಿ ಒಂದು ದಿನ ಚಿಚೆನ್ ಇಟ್ಸಾಗೆ, ಅಂದರೆ ಅಲ್ಲಿನ ಮೂಲನಿವಾಸಿ ಮಾಯಾ ಜನರ ಪಾಳುಬಿದ್ದ ನಗರಕ್ಕೆ, ಅಂತ ಎತ್ತಿಡುತ್ತಾರೆ. ಟೂರ್ ಬಸ್ಸಿನವರು ನಾಲ್ಕಾರು ಹೋಟೆಲ್ ಸುತ್ತಿ, ದಾರಿಯಲ್ಲೊಂದು ಅಂಗಡಿಗೂ ನುಗ್ಗಿಸಿ, ನೆತ್ತಿ ಸುಡುವ ಹೊತ್ತಿಗೆ ತಂದು ಇಳಿಸುತ್ತಾರೆ. ಅದು ಬೇಡ ಅಂತ ನಾವು ಕಾರು ಬಾಡಿಗೆಗೆ ತಗೊಂಡು ಬೆಳಗಾಗುವ ಮೊದಲೇ ಹೊರಟೆವು.

ಇದರಲ್ಲೊಂದು ಅನುಕೂಲ ಇದೆ. ಕ್ಯಾನ್‌ಕೂನ್ ಇರುವುದು ಕಿಂತಾನ ರೋ ರಾಜ್ಯದಲ್ಲಿ, ಚಿಚೆನ್ ಇಟ್ಸಾ ಯುಕಟಾನ್‌ನಲ್ಲಿ. ಯುಕಟಾನ್ ಗಡಿಯಾರ ಒಂದು ಗಂಟೆ ಹಿಂದೆ. ಸುಮಾರು 200 ಕಿ.ಮೀ. ದೂರ, ಟೋಲ್ ರಸ್ತೆಯಲ್ಲಿ ಎರಡೂವರೆ ಗಂಟೆ. ಆರಕ್ಕೆ ಹೊರಟರೆ ಅಲ್ಲಿನ ಏಳೂವರೆಗೆ ಗೇಟಿನ ಮುಂದೆ ಇರುತ್ತೀರಿ, ಎಂಟಕ್ಕೆ ಬಾಗಿಲು ತೆಗೆಯುತ್ತಾರೆ. ವಾಪಸ್ ಬರುವಾಗ ಆ ಗಂಟೆ ಹೋಗುತ್ತೆ, ಅದೂ ಲೆಕ್ಕದಲ್ಲಿರಲಿ.

ಪ್ರವೇಶಕ್ಕೆ ಎರಡು ಶುಲ್ಕ: ಕೇಂದ್ರ ಸರ್ಕಾರದ್ದು ಒಂದು, ರಾಜ್ಯದ್ದು ಇನ್ನೊಂದು. ವಿದೇಶಿಯರಿಗೆ ಎರಡೂ ಸೇರಿ 600 ಪೆಸೊ ದಾಟುತ್ತದೆ. ಕೈಯಲ್ಲಿ ನಗದು ಇರಲಿ. ಭಾನುವಾರ ಮೆಕ್ಸಿಕೋದವರಿಗೆ ರಿಯಾಯಿತಿ ಇರುವುದರಿಂದ ಜನ ಜಾಸ್ತಿ. ಬೇರೆ ದಿನ ನೋಡಿಕೊಳ್ಳಿ.

ಒಳಗೆ ಕಾಲಿಟ್ಟು ಸ್ವಲ್ಪ ನಡೆದರೆ ಎದುರಿಗೇ ಕುಕುಲ್ಕಾನ್ ಎಂಬ ಮಾಯಾ ದೇವರ ಪಿರಮಿಡ್. ನಾಲ್ಕೂ ಕಡೆ 91 ಮೆಟ್ಟಿಲು, ಮೇಲಿನ ಕಟ್ಟೆ ಸೇರಿ 365. ಈಗ ಹತ್ತಲು ಬಿಡುವುದಿಲ್ಲ. ಜನ ಬರುವ ಮೊದಲು ಮೆಟ್ಟಿಲ ಎದುರು ನಿಂತು ಒಂದು ಸಲ ಜೋರಾಗಿ ಚಪ್ಪಾಳೆ ತಟ್ಟಿ. ವಾಪಸ್ ಬರುವುದು ಚಪ್ಪಾಳೆಯಲ್ಲ, ಹಕ್ಕಿಯ ಕೂಗು! ಕೆಳಗಿನ ಮೆಟ್ಟಿಲುಗಳಿಂದ ಸದ್ದು ಬೇಗ ಬರುತ್ತೆ, ಮೇಲಿನವುಗಳಿಂದ ತಡವಾಗಿ. ಹಾಗಾಗಿ ಅದು ‘ಚಿಯುಂ’ ಅಂತ ಜಾರಿದ ಹಾಗೆ ಕೇಳುತ್ತೆ. ಗೈಡುಗಳು ಇದನ್ನು ಕೆಟ್ಸಾಲ್ ಹಕ್ಕಿಯ ಕೂಗು ಅನ್ನುತ್ತಾರೆ. ಬೇಕೆಂದೇ ಹೀಗೆ ಕಟ್ಟಿದರಾ? ನನಗೇನೋ ಅನುಮಾನ. ಆದರೂ ಮತ್ತೆ ಮತ್ತೆ ತಟ್ಟಿದೆ. ಹತ್ತು ಗಂಟೆಯ ನಂತರ ಎಲ್ಲರೂ ತಟ್ಟುವವರೇ, ಏನೂ ಗೊತ್ತಾಗಲ್ಲ.

ಚೆಂಡಾಟದ ಅಂಕಣಕ್ಕೆ ಸಮಯ ಕೊಡಿ. ಉದ್ದ 168 ಮೀಟರ್, ಎರಡೂ ಕಡೆ ಎತ್ತರದ ಗೋಡೆ, ಅದರ ಮೇಲುಗಡೆ ಕಲ್ಲಿನ ಬಳೆ. ಗೋಡೆಯ ಬುಡದ ಕೆತ್ತನೆಯನ್ನು ಬಗ್ಗಿ ನೋಡಿ: ತಲೆ ಕಡಿಸಿಕೊಂಡ ಆಟಗಾರ ಮಂಡಿಯೂರಿದ್ದಾನೆ, ಕತ್ತಿನಿಂದ ಚಿಮ್ಮುವ ರಕ್ತವೇ ಹಾವುಗಳಾಗಿದೆ. ಓರೆ ಬಿಸಿಲಿನಲ್ಲಿ ಗೆರೆಗಳು ಎದ್ದು ಕಾಣುತ್ತವೆ. ಪವಿತ್ರ ಸೆನೋಟೆ, ಅಂದರೆ ಸುಣ್ಣಕಲ್ಲು ಕುಸಿದು ಆದ ದೊಡ್ಡ ಹೊಂಡ, ಒಂದು ನೋಟಕ್ಕೆ ಸಾಕು. ದಾರಿಯುದ್ದಕ್ಕೂ ಜಾಗ್ವಾರ್ ಹಾಗೆ ಗುರುಗುಟ್ಟುವ ಸೀಟಿ ಮಾರುವವರು. ಮೊದಲು ಮಜಾ, ಆಮೇಲೆ ತಲೆನೋವು.

ಹನ್ನೊಂದಕ್ಕೆ ಹೊರಬಿದ್ದು ಪೂರ್ವಕ್ಕೆ ಹೊರಟೆವು. ವಯ್ಯಾದೊಲಿದ್ ಊರು ಸುಮಾರು 40 ಕಿ.ಮೀ. ಟೋಲ್ ಇಲ್ಲದ ಹಳೇ ರಸ್ತೆ ಹಿಡಿದರೆ ಹಳ್ಳಿಗಳು ಸಿಗುತ್ತವೆ. ಹಂಪುಗಳೂ ಸಿಗುತ್ತವೆ, ಹುಷಾರು.

ಸಾಸಿ ಎಂಬ ಮಾಯಾ ಊರಿನ ಜಾಗಕ್ಕೆ ಸ್ಪೇನಿನವರು 1545ರಲ್ಲಿ ವಯ್ಯಾದೊಲಿದ್ ಅನ್ನು ತಂದು ನೆಲೆಯೂರಿಸಿದರು. ಹಳೇ ಕಟ್ಟಡಗಳ ಕಲ್ಲನ್ನೇ ಬಳಸಿದರು. ಬೆಳಿಗ್ಗೆ ಪಿರಮಿಡ್ ನೋಡಿ ಬಂದವರಿಗೆ ಇಲ್ಲಿನ ಗೋಡೆಗಳು ಬೇರೆಯೇ ಕಾಣುತ್ತವೆ. ಬಣ್ಣ ಬಣ್ಣದ ಮನೆಗಳಿರುವ ಕಾಲ್ಸಾದ ದೆ ಲೋಸ್ ಫ್ರೈಲೆಸ್ ಬೀದಿಯಲ್ಲಿ ನಡೆದರೆ ಕೊನೆಗೆ ಸಾನ್ ಬೆರ್ನಾರ್ದಿನೊ ಮಠ. ಕೋಟೆ ಥರದ ದಪ್ಪ ಗೋಡೆ. 1847ರಲ್ಲಿ ಮಾಯಾ ಜನ ದಂಗೆ ಎದ್ದು ಮರುವರ್ಷ ಈ ಊರನ್ನೇ ಹಿಡಿದಿದ್ದರು. ಮಠದೊಳಗಿನ ಸೆನೋಟೆಯಲ್ಲಿ ಸಿಕ್ಕ ಹಳೇ ಬಂದೂಕುಗಳನ್ನು ಅಲ್ಲೇ ಇಟ್ಟಿದ್ದಾರೆ. ಚಿತ್ರ ತೆಗೆಯುವವರು ಬೀದಿಯಲ್ಲೇ ಉಳಿಯುತ್ತಾರೆ, ಈ ಕೋಣೆಗೆ ಜನ ಕಡಿಮೆ.

ಊಟಕ್ಕೆ ಮಾಂಸ ತಿನ್ನುವವರು ಕೊಚಿನಿತಾ ಪಿಬಿಲ್ ಕೇಳಿ, ಹಂದಿಮಾಂಸದ್ದು. ಮೊಟ್ಟೆ ತಿನ್ನುವವರಿಗೆ ಪಾಪಾದ್ಸುಲೆಸ್ ಇದೆ: ಕುಂಬಳಬೀಜದ ಸಾರಿನಲ್ಲಿ ಅದ್ದಿದ ಮೆಕ್ಕೆಜೋಳದ ರೊಟ್ಟಿಯೊಳಗೆ ಬೇಯಿಸಿದ ಮೊಟ್ಟೆ. ಹಬನೆರೊ ಮೆಣಸಿನಕಾಯಿ ಚಟ್ನಿಯನ್ನು ನಮಗೆ ಖಾರ ಅಭ್ಯಾಸ ಅಂತ ಸುಮ್ನೆ ಸುರಿದುಕೊಳ್ಳಬೇಡಿ. ಮೊಟ್ಟೆಯೂ ಬೇಡ ಅನ್ನುವವರು ಬೀನ್ಸ್ ಕೇಳುವಾಗ ಹಂದಿಕೊಬ್ಬು ಹಾಕಿದ್ದಾರಾ ಅಂತ ವಿಚಾರಿಸಿ, ಬಹಳ ಕಡೆ ಹಾಕಿರುತ್ತಾರೆ.