ಲೈನಪ್ ಲೆಕ್ಕದಿಂದ ಆಟಗಾರನ ಬೆಲೆ ಅಳೆಯುವುದು: ನಾನು ಅನುಸರಿಸುವ ಕ್ರಮ

ಬ್ಯಾಸ್ಕೆಟ್‌ಬಾಲ್‌ನಲ್ಲಿ ಪ್ಲಸ್-ಮೈನಸ್ ಅಂಕಿ ಹೇಳುವುದು ಇಷ್ಟೇ: ಈ ಆಟಗಾರ ಅಂಗಳದಲ್ಲಿದ್ದಾಗ ಅವನ ತಂಡ ಎದುರಾಳಿಗಿಂತ ಎಷ್ಟು ಪಾಯಿಂಟ್ ಹೆಚ್ಚು ಗಳಿಸಿತು. ಜೊತೆಗಿದ್ದ ನಾಲ್ವರ, ಎದುರಿಗಿದ್ದ ಐವರ ಪಾಲೂ ಅದರಲ್ಲೇ ಬೆರೆತಿರುತ್ತದೆ. ಆ ಒಂಬತ್ತು ಜನರ ಪಾಲನ್ನು ಬೇರ್ಪಡಿಸುವ ಕೆಲಸವನ್ನು ವೇಯ್ನ್ ವಿನ್‌ಸ್ಟನ್ ಮತ್ತು ಜೆಫ್ ಸಗಾರಿನ್ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಡಲ್ಲಾಸ್ ಮೇವರಿಕ್ಸ್ ತಂಡಕ್ಕಾಗಿ ಮಾಡಿದರು. 2004ರಲ್ಲಿ ಡ್ಯಾನ್ ರೋಸೆನ್‌ಬಾಮ್ ಅದರ ಗಣಿತವನ್ನು ಎಲ್ಲರಿಗೂ ಬಿಡಿಸಿಟ್ಟರು. 2010ರಲ್ಲಿ ಜೋ ಸಿಲ್ ಅದಕ್ಕೆ ರಿಜ್ ರಿಗ್ರೆಶನ್ (ಕಡಿಮೆ ಆಡಿದವರ ಅಂಕಿಯನ್ನು ಹೆಚ್ಚು ಬಲವಾಗಿ ಸೊನ್ನೆಯ ಕಡೆ ಎಳೆಯುವ ಅಂದಾಜು ವಿಧಾನ) ಜೋಡಿಸಿದರು. ನಾನು ಎನ್‌ಬಿಎ ದತ್ತಾಂಶದ ಮೇಲೆ ಮಾಡುವುದು ಈ ಕೊನೆಯ ರೂಪವನ್ನು. ನನ್ನ ಸಮಯದ ಮುಕ್ಕಾಲು ಪಾಲು ಗಣಿತಕ್ಕೆ ಹೋಗುವುದಿಲ್ಲ; ಯಾವ ಕ್ಷಣದಲ್ಲಿ ಯಾವ ಹತ್ತು ಜನ ಆಡುತ್ತಿದ್ದರು ಎಂದು ಪತ್ತೆಹಚ್ಚುವುದಕ್ಕೆ ಹೋಗುತ್ತದೆ.

ಪಂದ್ಯದ ಘಟನೆಗಳನ್ನು ಒಂದೊಂದಾಗಿ ಬರೆದಿಡುವ ಪ್ಲೇ-ಬೈ-ಪ್ಲೇ ದಾಖಲೆಯಲ್ಲಿ ಆಟಗಾರರ ಪ್ರತಿ ಬದಲಾವಣೆ ಇರುತ್ತದೆ, ಆದರೆ 2, 3, 4ನೇ ಕ್ವಾರ್ಟರ್‌ಗಳನ್ನು ಯಾರು ಆರಂಭಿಸಿದರು ಎಂಬುದು ಇರುವುದಿಲ್ಲ. ಕ್ವಾರ್ಟರ್ ನಡುವಿನ ಬಿಡುವಿನಲ್ಲಿ ಕೋಚ್ ಮಾಡುವ ಬದಲಾವಣೆ ದಾಖಲಾಗದಿರುವುದೇ ಕಾರಣ. ಸುಲಭದ ಉಪಾಯವೆಂದರೆ, ಒಳಗೆ ಬಂದ ದಾಖಲೆ ಇಲ್ಲದೆಯೇ ಶಾಟ್, ರೀಬೌಂಡ್ (ತಪ್ಪಿದ ಶಾಟ್‌ನ ಚೆಂಡು ಹಿಡಿಯುವುದು), ಫೌಲ್‌ನಲ್ಲಿ ಹೆಸರು ಕಾಣಿಸಿಕೊಂಡವರನ್ನು ಆರಂಭಿಕರೆಂದು ಹಿಡಿಯುವುದು. ಇದು ಎರಡು ಕಡೆ ಕೈಕೊಡುತ್ತದೆ. 12 ನಿಮಿಷವೂ ಆಡಿ ಒಂದೂ ದಾಖಲೆಯಲ್ಲಿ ಬಾರದ ಆಟಗಾರ ತಪ್ಪಿಹೋಗುತ್ತಾನೆ. ಬೆಂಚಿನಲ್ಲಿ ಕೂತೇ ಟೆಕ್ನಿಕಲ್ ಫೌಲ್ ಪಡೆದವನು ಅಂಗಳದಲ್ಲಿದ್ದಂತೆ ಲೆಕ್ಕಕ್ಕೆ ಸೇರಿಬಿಡುತ್ತಾನೆ. ಹಾಗಾಗಿ ಟೆಕ್ನಿಕಲ್ ದಾಖಲೆಗಳನ್ನು ಮೊದಲೇ ಬದಿಗಿಡುತ್ತೇನೆ. ಆಮೇಲೂ ಐವರು ಸಿಗದಿದ್ದರೆ ಆ ಕ್ವಾರ್ಟರ್‌ನ ಅವಧಿಯನ್ನಷ್ಟೇ ಕೊಟ್ಟು ಎನ್‌ಬಿಎ ಅಂಕಿ-ಅಂಶ ತಾಣದಿಂದ ಬಾಕ್ಸ್ ಸ್ಕೋರ್ (ಆಟಗಾರರ ಅಂಕಿಗಳ ಪಟ್ಟಿ) ತರಿಸುತ್ತೇನೆ. ಅಲ್ಲಿ ಸಮಯವನ್ನು ಸೆಕೆಂಡಿನ ಹತ್ತನೇ ಭಾಗದಲ್ಲಿ ಕೊಡಬೇಕು: 2ನೇ ಕ್ವಾರ್ಟರ್ ಶುರುವಾಗುವುದು 7200ಕ್ಕೆ, ಮುಗಿಯುವುದು 14400ಕ್ಕೆ. ಎರಡೂ ತುದಿಯಲ್ಲಿ ಸ್ವಲ್ಪ ಒಳಕ್ಕೆ ಸರಿಸಿ ಕೇಳದಿದ್ದರೆ ಅಕ್ಕಪಕ್ಕದ ಕ್ವಾರ್ಟರ್‌ನವರೂ ನುಸುಳುತ್ತಾರೆ. ಬಂದ ಹೆಸರುಗಳಲ್ಲಿ, ಮೊದಲ ಬದಲಾವಣೆಯೇ ‘ಒಳಗೆ’ ಎಂದಿರುವವರನ್ನು ತೆಗೆದರೆ ಐವರು ಉಳಿಯುತ್ತಾರೆ.

ಫ್ರೀ ಥ್ರೋ (ಫೌಲ್‌ಗೆ ಸಿಗುವ ತಡೆಯಿಲ್ಲದ ಎಸೆತ) ಇನ್ನೊಂದು ಜಾರುವ ಜಾಗ. ಮೊದಲ ಮತ್ತು ಎರಡನೇ ಎಸೆತದ ನಡುವೆ ಬದಲಾವಣೆಯಾದರೆ, ಎರಡನೆಯ ಪಾಯಿಂಟ್ ಹೊಸದಾಗಿ ಬಂದವನ ಖಾತೆಗೆ ಬೀಳುತ್ತದೆ. ಫೌಲ್ ಆದಾಗ ಯಾರು ಅಂಗಳದಲ್ಲಿದ್ದರೋ ಅವರಿಗೇ ಆ ಪಾಯಿಂಟ್ ಸಲ್ಲಬೇಕು. ಹಾಗೆಯೇ ಎರಡರಲ್ಲಿ ಮೊದಲನೆಯದು ತಪ್ಪಿದಾಗ ದಾಖಲೆಯಲ್ಲಿ ‘ಟೀಮ್ ರೀಬೌಂಡ್’ ಎಂದು ಬರುತ್ತದೆ; ಅದನ್ನು ನಿಜವಾದ ರೀಬೌಂಡ್ ಎಂದುಕೊಂಡರೆ ಪೊಸೆಷನ್ (ಚೆಂಡು ಒಂದು ತಂಡದ ಕೈಯಲ್ಲಿರುವ ಒಂದು ಸರದಿ) ಎಣಿಕೆ ಉಬ್ಬುತ್ತದೆ. ಎಣಿಕೆ ಸರಿಯಿದೆಯೇ ಎಂದು ಹಳೆಯ ಸೂತ್ರದಿಂದ ತಾಳೆ ನೋಡುತ್ತೇನೆ: ಶಾಟ್ ಪ್ರಯತ್ನಗಳಿಗೆ ಫ್ರೀ ಥ್ರೋಗಳ 0.44 ಪಟ್ಟು ಮತ್ತು ಟರ್ನೋವರ್ (ಶಾಟ್ ಇಲ್ಲದೆ ಚೆಂಡು ಕಳೆದುಕೊಂಡದ್ದು) ಸೇರಿಸಿ, ಆಫೆನ್ಸಿವ್ ರೀಬೌಂಡ್ (ದಾಳಿ ಮಾಡಿದ ತಂಡಕ್ಕೇ ಮರಳಿ ಸಿಕ್ಕ ಚೆಂಡು) ಕಳೆಯುವುದು. ತಂಡಕ್ಕೆ ಪಂದ್ಯಕ್ಕೆ 100ರ ಆಸುಪಾಸು ಬರಬೇಕು. ಇನ್ನೊಂದು ತಾಳೆ ತುಂಬ ಅಗ್ಗದ್ದು, ಯಾರೂ ಬಿಡಬಾರದು: ಒಂದು ತಂಡದ ಎಲ್ಲರ ಪ್ಲಸ್-ಮೈನಸ್ ಕೂಡಿದರೆ ಗೆಲುವಿನ ಅಂತರದ ಐದು ಪಟ್ಟು ಆಗಲೇಬೇಕು. 8 ಪಾಯಿಂಟ್‌ನಿಂದ ಗೆದ್ದಿದ್ದರೆ 40. ಆದರೆ ತಪ್ಪು ಐವರನ್ನು ಹಿಡಿದಿದ್ದರೂ ಮೊತ್ತ ಸರಿಯಾಗಿಯೇ ಬರುತ್ತದೆ. ಆದ್ದರಿಂದ ಪ್ರತಿ ಆಟಗಾರನ ನಿಮಿಷಗಳನ್ನೂ ಅಧಿಕೃತ ಬಾಕ್ಸ್ ಸ್ಕೋರ್ ಜೊತೆ ಹೋಲಿಸುತ್ತೇನೆ.

ಫಲಿತಾಂಶ ಆಗಲೇ ತೀರ್ಮಾನವಾಗಿದ್ದ ಹೊತ್ತಿನ ಆಟವನ್ನು ಕಿತ್ತುಹಾಕುತ್ತೇನೆ. ಕ್ಲೀನಿಂಗ್ ದ ಗ್ಲಾಸ್ ತಾಣದ ನಿಯಮ ನನಗೆ ಒಪ್ಪಿಗೆ: 4ನೇ ಕ್ವಾರ್ಟರ್‌ನಲ್ಲಿ 12ರಿಂದ 9 ನಿಮಿಷ ಉಳಿದಿರುವಾಗ ಅಂತರ ಕನಿಷ್ಠ 25, 9ರಿಂದ 6ರವರೆಗೆ 20, ಆಮೇಲೆ 10, ಜೊತೆಗೆ ಪಂದ್ಯವನ್ನು ಆರಂಭಿಸಿದವರಲ್ಲಿ ಎರಡೂ ತಂಡ ಸೇರಿ ಅಂಗಳದಲ್ಲಿರುವವರು ಇಬ್ಬರು ಅಥವಾ ಅದಕ್ಕಿಂತ ಕಡಿಮೆ.

ಇಷ್ಟಾದ ಮೇಲೆ ಹತ್ತು ಜನ ಬದಲಾಗದೆ ಆಡಿದ ಪ್ರತಿ ತುಣುಕೂ ಒಂದು ಸ್ಟಿಂಟ್. ರಿಗ್ರೆಶನ್‌ಗೆ ಕೊಡುವ ಕೋಷ್ಟಕದಲ್ಲಿ ಪ್ರತಿ ಸ್ಟಿಂಟ್‌ಗೆ ಎರಡು ಸಾಲು, ಒಂದೊಂದು ತಂಡದ ದಾಳಿಗೆ ಒಂದೊಂದು. ಪ್ರತಿ ಆಟಗಾರನಿಗೂ ಎರಡು ಕಾಲಂ: ದಾಳಿಯಲ್ಲಿದ್ದರೆ ದಾಳಿಯ ಕಾಲಂನಲ್ಲಿ 1, ರಕ್ಷಣೆಯಲ್ಲಿದ್ದರೆ ರಕ್ಷಣೆಯ ಕಾಲಂನಲ್ಲಿ -1. ಸ್ವಂತ ಅಂಗಳದ ಲಾಭಕ್ಕೆ ಇನ್ನೊಂದು ಕಾಲಂ. ಅಂದಾಜಿಸುವುದು 100 ಪೊಸೆಷನ್‌ಗೆ ಬಂದ ಪಾಯಿಂಟ್. ತೂಕ ಪೊಸೆಷನ್ ಸಂಖ್ಯೆ. ತೂಕ ಹಾಕುವುದನ್ನು ಮರೆತರೆ 2 ಪೊಸೆಷನ್‌ನ ಸ್ಟಿಂಟ್ 20ರದ್ದರಷ್ಟೇ ಮಾತಾಡುತ್ತದೆ.

ಬರಿಯ ಲೀಸ್ಟ್ ಸ್ಕ್ವೇರ್ಸ್ (ರಿಜ್ ಇಲ್ಲದ ಸಾಮಾನ್ಯ ರಿಗ್ರೆಶನ್) ಇಲ್ಲಿ ಏಕೆ ಸೋಲುತ್ತದೆ ಎಂಬುದನ್ನು ಗದ್ದಲದ, ಅಂದರೆ ಆಕಸ್ಮಿಕ ಏರಿಳಿತದ, ಲೆಕ್ಕ ಹೇಳುತ್ತದೆ. ಒಂದು ಪೊಸೆಷನ್‌ನ ಪಾಯಿಂಟ್‌ಗಳ ಸ್ಟ್ಯಾಂಡರ್ಡ್ ಡೀವಿಯೇಶನ್ (ಸರಾಸರಿಯಿಂದ ಚೆದುರುವ ಪ್ರಮಾಣ) ಸುಮಾರು 1.15 ಎಂದಿಟ್ಟುಕೊಳ್ಳಿ. ಎರಡೂ ಕಡೆ 200 ಪೊಸೆಷನ್, ಅಂದರೆ 96 ನಿಮಿಷ ಜೊತೆಯಾಗಿ ಆಡಿದ ಐವರ ನೆಟ್ ರೇಟಿಂಗ್‌ನಲ್ಲಿ (100 ಪೊಸೆಷನ್‌ಗೆ ಗಳಿಸಿದ ಮತ್ತು ಬಿಟ್ಟುಕೊಟ್ಟ ಪಾಯಿಂಟ್‌ಗಳ ಅಂತರ) ಸ್ಟ್ಯಾಂಡರ್ಡ್ ಎರರ್, ಅಂದರೆ ಅಂದಾಜಿನ ಅನಿಶ್ಚಿತತೆ, 11.5. ಅಂಥ ಲೈನಪ್ +12 ಇದ್ದರೆ ಅದನ್ನು ನಂಬಿ ಕೋಚ್‌ಗೆ ಸಲಹೆ ಕೊಡುವುದು ನಾಣ್ಯ ಚಿಮ್ಮಿ ಸಲಹೆ ಕೊಟ್ಟಂತೆ. ಋತುವಿಡೀ 2400 ನಿಮಿಷ ಆಡಿದವನಿಗೆ ಎರಡೂ ಕಡೆ 5000 ಪೊಸೆಷನ್ ಸಿಗುತ್ತದೆ. ಆಗಲೂ ಎರರ್ 2.3. ಅದೂ ಜೊತೆಗಾರರ ಪಾಲನ್ನು ಬೇರ್ಪಡಿಸುವ ಮೊದಲು.

ಅದಕ್ಕೇ ರಿಜ್. ಅದರ ಲ್ಯಾಂಬ್ಡಾವನ್ನು, ಅಂದರೆ ಸೊನ್ನೆಯ ಕಡೆ ಎಳೆಯುವ ಬಲವನ್ನು, ಕಣ್ಣಂದಾಜಿಗೆ ಬಿಡಬೇಕಿಲ್ಲ. ಆಟಗಾರರ ನಿಜವಾದ ದಾಳಿ ಸಾಮರ್ಥ್ಯ 100 ಪೊಸೆಷನ್‌ಗೆ 2 ಪಾಯಿಂಟ್‌ನಷ್ಟು ಹರಡಿಕೊಂಡಿದೆ ಎಂದುಕೊಂಡರೆ, 115ರ (1.15ನ್ನು 100 ಪೊಸೆಷನ್ ಅಳತೆಗೆ ತಂದದ್ದು) ವರ್ಗವನ್ನು 2ರ ವರ್ಗದಿಂದ ಭಾಗಿಸಿ 3300 ಸಿಗುತ್ತದೆ. ಅರ್ಥ ಸರಳ: 3300 ಪೊಸೆಷನ್ ಆಡಿದವನ ಅಂಕಿಯನ್ನು ಅರ್ಧಕ್ಕೆ ಇಳಿಸಿ ನೋಡು. ನಾನು ಅಲ್ಲಿಂದ ಶುರುಮಾಡಿ ಕ್ರಾಸ್ ವ್ಯಾಲಿಡೇಶನ್‌ನಿಂದ (ದತ್ತಾಂಶದ ಒಂದೊಂದು ಗುಂಪನ್ನು ಬದಿಗಿಟ್ಟು ಅದರ ಮೇಲೆ ಪರೀಕ್ಷಿಸುವ ಕ್ರಮ) ಸರಿಹೊಂದಿಸುತ್ತೇನೆ. ಗುಂಪು ಮಾಡುವಾಗ ಇಡೀ ಪಂದ್ಯವನ್ನು ಒಂದು ಘಟಕವಾಗಿ ಇಡುತ್ತೇನೆ, ಸ್ಟಿಂಟ್‌ಗಳನ್ನು ಚೆದುರಿಸುವುದಿಲ್ಲ.

ರಿಜ್‌ಗೆ ಆರ್ ಪ್ರೋಗ್ರಾಮಿಂಗ್ ಭಾಷೆಯ ಜಿಎಲ್‌ಎಂನೆಟ್ ಪ್ಯಾಕೇಜ್ ಬಳಸುವವರು ಎರಡು ಕಡೆ ಎಚ್ಚರವಾಗಿರಬೇಕು. ಅದರ ಲ್ಯಾಂಬ್ಡಾ ಸಾಲುಗಳ ತೂಕದ ಮೊತ್ತದಿಂದ ಭಾಗಿಸಿದ ಅಳತೆಯದು, ಪೈಥಾನ್ ಭಾಷೆಯ ಸೈಕಿಟ್-ಲರ್ನ್‌ನ ಆಲ್ಫಾ ಅಲ್ಲ. ಎರಡನೆಯದು, ತಾನಾಗಿಯೇ ನಡೆಯುವ ಸ್ಟ್ಯಾಂಡರ್ಡೈಸ್ (ಎಲ್ಲ ಕಾಲಂಗಳನ್ನೂ ಒಂದೇ ಹರವಿಗೆ ತರುವ) ಆಯ್ಕೆಯನ್ನು ಆಫ್ ಮಾಡಬೇಕು. ಇಲ್ಲದಿದ್ದರೆ ಕಡಿಮೆ ಆಡಿದವರ ಕಾಲಂಗಳು ಹಿಗ್ಗಿ ಅವರ ಮೇಲಿನ ದಂಡ ಸಡಿಲವಾಗುತ್ತದೆ. ಪಟ್ಟಿಯ ತುದಿಯಲ್ಲಿ ಹೆಸರೇ ಕೇಳದವರು ಕೂತಿದ್ದರೆ ಮೊದಲ ಅನುಮಾನ ಇದರ ಮೇಲಿರಲಿ.

ಎದುರಾಳಿಗಳ ಫ್ರೀ ಥ್ರೋ ಯಶಸ್ಸನ್ನು ಯಾವ ರಕ್ಷಕನೂ ನಿಯಂತ್ರಿಸಲಾರ. ಅಲ್ಲಿ ಬಂದ ಪಾಯಿಂಟ್ ಬದಲು ಎಸೆದವನ ಋತುವಿನ ಸರಾಸರಿಯನ್ನೇ ಹಾಕುತ್ತೇನೆ. ಮೂರು ಪಾಯಿಂಟ್ ಶಾಟ್‌ಗೆ ಅರ್ಧಕ್ಕಿಂತ ಹೆಚ್ಚು ಸರಾಸರಿಯ ಕಡೆ ಎಳೆಯುತ್ತೇನೆ. ಆಗ ತಪ್ಪಿದ ಶಾಟ್‌ನಿಂದ ಸಿಗಬಹುದಾದ ಆಫೆನ್ಸಿವ್ ರೀಬೌಂಡ್ ಬೆಲೆಯನ್ನೂ ಸೇರಿಸಬೇಕು.

ಉಳಿಯುವ ದೊಡ್ಡ ತೊಡಕು ಜೋಡಿಗಳದು. ಗೋಲ್ಡನ್ ಸ್ಟೇಟ್‌ನಲ್ಲಿ ಡ್ರೇಮಂಡ್ ಗ್ರೀನ್ ನಿಮಿಷಗಳ ಬಹುಪಾಲು ಸ್ಟೀಫನ್ ಕರಿ ಜೊತೆಗೇ ಕಳೆದಿವೆ. ಒಂದೇ ಋತುವಿನ ದತ್ತಾಂಶ ಕೊಟ್ಟರೆ ರಿಜ್ ಕೀರ್ತಿಯನ್ನು ಇಬ್ಬರಿಗೂ ಹಂಚಿ ಸುಮ್ಮನಾಗುತ್ತದೆ. ಒಬ್ಬರು ಗಾಯಗೊಂಡು ಕೂತ ವಾರಗಳು, ಜೊತೆಗಾರರ ವಿನಿಮಯ ಇವೇ ಗಂಟು ಬಿಡಿಸುವುದು. ಹಾಗಾಗಿ ಮೂರು ಋತು ಸೇರಿಸಿ, ಹಳೆಯದಕ್ಕೆ ಕಡಿಮೆ ತೂಕ ಕೊಡುತ್ತೇನೆ. ಅದಾದ ಮೇಲೂ ಅಂಕಿ ಹೇಳುವುದು ಆ ಪಾತ್ರದಲ್ಲಿ ಅವನು ತಂದ ಲಾಭವನ್ನು ಮಾತ್ರ. ಹ್ಯೂಸ್ಟನ್‌ನ ಶೇನ್ ಬ್ಯಾಟಿಯೆರ್ ಹೆಸರು ಇಂಥ ಲೆಕ್ಕದಲ್ಲಿ ಮೇಲೆದ್ದಿತು, ಬಾಕ್ಸ್ ಸ್ಕೋರಿನಲ್ಲಿ ಅಲ್ಲ; ಆದರೆ ಅವನ ಕೈಗೇ ಚೆಂಡು ಕೊಟ್ಟು ದಾಳಿ ನಡೆಸು ಎಂದರೆ ಅದೇ ಲಾಭ ಬರುತ್ತಿತ್ತು ಎಂದು ಯಾರೂ ಹೇಳಲಾರರು.

ನಮ್ಮ ರಾಜ್ಯದ ಪಂದ್ಯಗಳಿಗೆ ಇದನ್ನು ಹೊಂದಿಸಲು ಹೊರಟರೆ ಮೊದಲ ಅಡ್ಡಿ ಸ್ಕೋರ್ ಶೀಟ್. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾದ ಮಾದರಿಯ ಹಾಳೆಯಲ್ಲಿ ಯಾರು ಆಡಿದರು ಎಂಬುದಿದೆ, ಯಾವಾಗ ಒಳಗೆ ಬಂದರು ಎಂಬುದಿಲ್ಲ. ವಿಡಿಯೋ ನೋಡಿ ಪ್ರತಿ ಬದಲಾವಣೆಗೆ ಗಡಿಯಾರದ ಸಮಯ, ಆಗಿನ ಸ್ಕೋರ್, ಒಳಹೊರಗಿನ ಜರ್ಸಿ ಸಂಖ್ಯೆ ಬರೆದುಕೊಳ್ಳಬೇಕು. 40 ನಿಮಿಷದ ಪಂದ್ಯಕ್ಕೆ 75 ಪೊಸೆಷನ್ ಎಂದು ಹಿಡಿದರೂ 15 ಪಂದ್ಯಗಳಲ್ಲಿ ಅರ್ಧ ಹೊತ್ತು ಆಡಿದವನಿಗೆ ಸಿಗುವುದು 560ರಷ್ಟು, ಎರರ್ 7ರ ಹತ್ತಿರ. ಅಷ್ಟರಲ್ಲಿ ರಿಗ್ರೆಶನ್ ಓಡಿಸುವುದಿಲ್ಲ. ಆಟಗಾರ ಒಳಗಿದ್ದಾಗ ಮತ್ತು ಹೊರಗಿದ್ದಾಗ ತಂಡದ ಟರ್ನೋವರ್, ಡಿಫೆನ್ಸಿವ್ ರೀಬೌಂಡ್ ಮತ್ತು ಎದುರಾಳಿಗಳು ರಿಂಗ್ ಬಳಿ ಮಾಡಿದ ಪ್ರಯತ್ನಗಳ ಪ್ರಮಾಣ ಇಷ್ಟನ್ನೇ ಎಣಿಸಿ, ವ್ಯತ್ಯಾಸ ಎದ್ದು ಕಂಡ ಕಡೆ ವಿಡಿಯೋ ತಿರುಗಿಸಿ ನೋಡುತ್ತೇನೆ.